ಕಾರ್ಡು ನೋಡುವ ಸುದರ್ಶನ್

ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡ್ ಹಿಂದೆ ಸುದರ್ಶನನದು ಪೆನ್ನು, ನೋಟ್‌ಬುಕ್ಕು, ಬರ್ತ್‌ಡೇ ಟೋಪಿ ಮಾರುವ ಅಂಗಡಿ. ಜನ ಅವನನ್ನು ಹುಡುಕಿಕೊಂಡು ಬರುವುದು ಮಾತ್ರ ಬೇರೆ ಕೆಲಸಕ್ಕೆ. ಹಿಂದೆ ಬಬಲ್‌ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಆಟಗಾರರ ಕಾರ್ಡುಗಳನ್ನು ಚಿಕ್ಕಂದಿನಿಂದ ಕೂಡಿಟ್ಟವನು ಅವನು. ಯಾವುದು ಅಸಲಿ, ಯಾವುದು ನಕಲಿ, ಯಾವುದಕ್ಕೆ ಎಷ್ಟು ಬೆಲೆ ಎಂದು ಹೇಳಬಲ್ಲ. ಹಳೇ ಕಾರ್ಡಿಗೆ ಲಕ್ಷಗಟ್ಟಲೆ ಸಿಗುತ್ತದೆಂದು ಯಾವನೋ ಪುಣ್ಯಾತ್ಮ ಯೂಟ್ಯೂಬಿನಲ್ಲಿ ಬೊಗಳಿದ್ದೇ ತಡ, ಅರಕಲಗೂಡು, ಹಳ್ಳಿಮೈಸೂರು ಕಡೆಯಿಂದೆಲ್ಲ ಜನ ಅಟ್ಟ ಗುಡಿಸಿಕೊಂಡು ಬರತೊಡಗಿದರು. ಸುದರ್ಶನ್ ಭೂತಗನ್ನಡಿ ಹಿಡಿದು ನೋಡುತ್ತಾನೆ, "ಏನೂ ಬರಲ್ಲ ಅಣ್ಣ" ಅನ್ನುತ್ತಾನೆ. ಬಂದವರ ಮುಖ ಸಪ್ಪಗಾಗುತ್ತದೆ. ವರ್ಷಗಟ್ಟಲೆ ಇದೇ ರಾಗ ಎಳೆದು ಅವನಿಗೆ ಸಾಕುಸಾಕಾಗಿತ್ತು. ಒಬ್ಬರಿಗಾದರೂ, ಒಂದೇ ಒಂದು ಸಲ, ಹೌದು ಅನ್ನಬೇಕೆಂಬ ಆಸೆಯೊಂದು ಉಳಿದಿತ್ತು.

ಆಷಾಢದಲ್ಲಿ ಹಿರೀಸಾವೆಯಿಂದ ಲಕ್ಕಮ್ಮ ಬಂದಳು. ತೀರಿಹೋದ ಗಂಡನ ಪೆಟ್ಟಿಗೆ ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಕಾರ್ಡುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದಿದ್ದಳು. ಒಂದೊಂದೇ ನೋಡುತ್ತಿದ್ದ ಸುದರ್ಶನ್ ಒಂದನ್ನು ತಿರುಗಿಸಿದವನು ಹಾಗೇ ಕೂತುಬಿಟ್ಟ. ಮುಂದೆ ಒಬ್ಬ ಆಟಗಾರನ ಚಿತ್ರ, ಹಿಂದೆ ಇನ್ನೊಬ್ಬನ ರನ್ನುಗಳು. ತಪ್ಪು ಗೊತ್ತಾಗಿ ಕಂಪನಿಯೇ ವಾಪಸು ತರಿಸಿಕೊಂಡಿದ್ದ ಕಾರ್ಡು ಅದು; ಹೊರಗೆ ಉಳಿದಿದ್ದೇ ಬೆರಳೆಣಿಕೆಯಷ್ಟು. ಮೂಲೆ ಮುದುರಿರಲಿಲ್ಲ, ಬಣ್ಣ ಮಾಸಿರಲಿಲ್ಲ.

"ಹೌದಮ್ಮ, ಇದಕ್ಕೆ ಬೆಲೆ ಐತೆ" ಅಂದ.

"ಬಚ್ಚಲ್ಗೊಂದು ಬಾಗ್ಲು ಮಾಡುಸ್ಬೌದಾ ಸಾ? ಒಸಾ ಸೊಸೆ ಬಂದವ್ಳೆ. ಸೀರೆ ಅಡ್ಡ ಕಟ್ಕಂಡು ನೀರಾಕ್ಕತಾಳೆ, ನೋಡಕ್ಕಾಗಲ್ಲ."

"ಬಚ್ಚಲ್ನೇ ಒಸದಾಗಿ ಕಟ್ಟುಸ್ಬೌದು. ಮೈಸೂರ್ನಾಗೆ ಮೋಹನ್‌ಕುಮಾರ್ ಅಂತವ್ರೆ, ಇಂಥ ಕಾರ್ಡ್ನ ಕೊಂಡ್ಕತಾರೆ. ಶ್ರಾವಣದಲ್ಲಿ ಬತ್ತಾರೆ. ಅಲ್ಲೀಗಂಟ ಒಡವೆ ಮಡಗ್ದಂಗೆ ಜ್ವಾಪಾನವಾಗಿ ಮಡಗಿ."

ಶ್ರಾವಣದಲ್ಲಿ ಮೋಹನ್‌ಕುಮಾರ್ ಅಂಗಡಿಗೆ ಬಂದು ಕೂತ. ಲಕ್ಕಮ್ಮ ಹೊಸ ರವಿಕೆ ಕಣದಲ್ಲಿ ಸುತ್ತಿದ್ದ ಕಾರ್ಡನ್ನು ಬಿಚ್ಚಿದಳು. ಆಟಗಾರನ ಹಣೆಗೆ ದಪ್ಪನೆಯ ಕುಂಕುಮದ ಬೊಟ್ಟು. ಸುತ್ತ ಅರಿಸಿನದ ನೀರು ಇಳಿದು ರಟ್ಟು ಉಬ್ಬಿಹೋಗಿತ್ತು.

"ವರಮಹಾಲಕ್ಷ್ಮಿ ಅಬ್ಬ ಅಲ್ವಾ ಸಾ, ಓಲೆ-ಸರದ ಜತೆ ಕಳಸದ ಮುಂದೆ ಮಡಗಿದ್ದೆ. ಅರಿಸ್ನ ಕುಂಕ್ಮ ಇಕ್ಕದೆ ಅಂಗೇ ಮಾರಕ್ಕಾದದಾ?"

ಮೋಹನ್‌ಕುಮಾರ್ ಬೆರಳ ತುದಿಯಲ್ಲಿ ತಿರುಗಿಸಿ ನೋಡಿದ. "ಕಲೆ ಆಗೋಗಿದೆ. ಇನ್ನು ಇದನ್ನ ಯಾರೂ ತಗೊಳಲ್ಲ" ಎಂದು ಎದ್ದು ಹೋದ.

ಸುದರ್ಶನ್ ಭೂತಗನ್ನಡಿ ಕೆಳಗಿಟ್ಟ. ಯಾರ ಮೇಲೆ ಸಿಟ್ಟಾಗುವುದು? ಅವಳು ಮಾಡಿದ್ದು ಪೂಜೆ.

"ಓಗ್ಲಿ ಬುಡಿ ಸಾ" ಎಂದು ಲಕ್ಕಮ್ಮನೇ ಸಮಾಧಾನ ಹೇಳಿದಳು. "ಇಷ್ಟ್ ದಿನ ಬಾಗ್ಲಿಲ್ದೇ ಕಳೀಲಿಲ್ವಾ? ನೀವ್ಯಾಕೆ ಮಖ ಸಣ್ಣ ಮಾಡ್ಕತೀರಿ?" ಕಾರ್ಡನ್ನು ಕಣ್ಣಿಗೊತ್ತಿಕೊಂಡು ಮತ್ತೆ ಸುತ್ತಿ, ಹಿರೀಸಾವೆ ಬಸ್ಸಿಗೆ ಹೊರಟಳು.

ಸಂಜೆ ಹೊಳೆನರಸೀಪುರದ ಬೀರಲಿಂಗಯ್ಯ ಎಂಬವರು ಕಾರ್ಡು ತುಂಬಿದ ಕವರೊಂದನ್ನು ತಂದು ಅವನ ಮುಂದಿಟ್ಟರು.

"ಏನೂ ಬರಲ್ಲ" ಅಂದ ಸುದರ್ಶನ್.

"ಇನ್ನೂ ಬಿಚ್ಚೇ ಇಲ್ವಲ್ಲ ಸಾ!"

"ಬಿಚ್ಬ್ಯಾಡಿ ಅಣ್ಣ" ಅಂದ. "ಅಂಗೇ ತಗಂಡೋಗಿ."