ನಾಲ್ಕು ಜೇಬಿನ ಚೀಲದ ಕಲ್ಲೇಶಣ್ಣ

ಕಲ್ಲೇಶಣ್ಣನ ಹೆಗಲಿಗೆ ಸದಾ ಒಂದು ಖಾಕಿ ಚೀಲ. ಅದಕ್ಕೆ ನಾಲ್ಕು ಜೇಬು. ಒಂದೊಂದರ ಮೇಲೂ ಬಿಳಿ ದಾರದಲ್ಲಿ ತಾವೇ ಕೂತು ಅಕ್ಷರ ಹೊಲಿದಿದ್ದರು: ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ಹೊಲಿಗೆ ಸೊಟ್ಟಂಬಟ್ಟ. ಹೊಳಲ್ಕೆರೆಗೆ ಜಾಗ ಸಾಲದೆ ‘ರೆ’ ಕೆಳಗೆ ಜಾರಿಬಿಟ್ಟಿತ್ತು. ಆ ಚೀಲ ನನ್ನ ಮೇಜಿನ ಮೇಲೆ ಧೊಪ್ಪೆಂದು ಬಿತ್ತೆಂದರೆ ಬೆಳಗ್ಗೆ ಹತ್ತು ಗಂಟೆ ಆಯಿತೆಂದೇ ಅರ್ಥ.

ದುರ್ಗದ ಸಂತೆಪೇಟೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಸಂಘದವರು, ಕಾಲೇಜಿನವರು, ಮಠದ ಭಕ್ತರು ತಮ್ಮ ಕಾರ್ಯಕ್ರಮದ ಸುದ್ದಿ ಬರೆದು ತರುತ್ತಾರೆ, ನಾನು ಟೈಪು ಮಾಡಿಕೊಡುತ್ತೇನೆ. ಆ ಪ್ರೆಸ್‌ನೋಟುಗಳನ್ನು ಪತ್ರಿಕೆಯವರಿಗೆ ಮುಟ್ಟಿಸುವುದು ಕಲ್ಲೇಶಣ್ಣನ ಕಸುಬು. ಹಿಂದೆ ಅಚ್ಚಿನ ಮನೆಯಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವರು. ಅದು ಮುಚ್ಚಿದ ಮೇಲೂ ಸುದ್ದಿಯ ನಂಟು ಬಿಡಲಿಲ್ಲ. ಮದುವೆಯಿಲ್ಲ, ಮಕ್ಕಳಿಲ್ಲ, ನಮ್ಮ ಹಿಂದಿನ ಬೀದಿಯಲ್ಲಿ ಒಂದು ಕೋಣೆ.

ಯಾರೇ ಪ್ರೆಸ್‌ನೋಟು ತರಲಿ, ಕಲ್ಲೇಶಣ್ಣ ಹಾಳೆಯ ಮೇಲೆ ತೋರುಬೆರಳು ಒತ್ತಿ ಕೇಳುವುದು ಒಂದೇ ಮಾತು: “ಇದನ್ನ ಯಾರು ಓದ್ಬೇಕು?”

ಬಂದವರಿಗೆ ಸಿಟ್ಟು ಬರೋದು. “ಯಾರು ಅಂದ್ರೇನ್ರಿ, ಎಲ್ಲಾರೂ ಓದ್ಬೇಕು!”

“ಎಲ್ಲಾರೂ ಅಂಬೋರು ಯಾವ ಊರಾಗೂ ಇಲ್ಲ ಸ್ವಾಮಿ. ಕುಂತ್ಕಳ್ರಿ, ಸಮಾಧಾನವಾಗಿ ಹೇಳ್ರಿ.”

ಒಮ್ಮೆ ಟ್ರಸ್ಟೊಂದರ ಅಧ್ಯಕ್ಷರು ಹೊಳಲ್ಕೆರೆಯಲ್ಲಿ ಕಣ್ಣಿನ ತಪಾಸಣೆ ಇಟ್ಟುಕೊಂಡಿದ್ದರು. ಪ್ರೆಸ್‌ನೋಟಿನ ಜೊತೆ ತಮ್ಮದೊಂದು ದೊಡ್ಡ ಫೋಟೋ. ರಾಜ್ಯಮಟ್ಟದ ಪತ್ರಿಕೆಯಲ್ಲೇ ಬರಬೇಕೆಂದು ಹಟ. ಕಲ್ಲೇಶಣ್ಣ ಫೋಟೋ ನೋಡಿದರು, ಅಧ್ಯಕ್ಷರ ಮುಖ ನೋಡಿದರು. “ನಿಮ್ಮ ಫೋಟೋ ಬರ್ಬೇಕೋ, ಕಣ್ಣು ಕಾಣ್ದೋರು ಬರ್ಬೇಕೋ? ಎರಡಕ್ಕೂ ಬ್ಯಾರೆ ಬ್ಯಾರೆ ಪೇಪರ್ ಅವೆ.” ನಾನು ನಗು ತಡೆಯಲಾರದೆ ಕಂಪ್ಯೂಟರ್ ಹಿಂದೆ ತಲೆ ತಗ್ಗಿಸಿದೆ. “ಕಣ್ಣು ಮಂಜಾದೋರು ಪೇಪರ್ ಓದಾದಿಲ್ಲ ಸ್ವಾಮಿ, ಕೇಳ್ತಾರೆ. ಹೊಳಲ್ಕೆರೆ ಬಸ್‌ಸ್ಟ್ಯಾಂಡ್ ಹೋಟ್ಲಾಗೆ ಒಬ್ಬ ಮೇಷ್ಟ್ರು ದಿನಾ ಗಟ್ಟಿಯಾಗಿ ಪೇಪರ್ ಓದ್ತಾರೆ. ಆ ಹೋಟ್ಲಿಗೆ ಬರೋ ಪೇಪರ್‌ಗೆ ಹಾಕಾಣ.” ಹಾಗೇ ಹಾಕಿದರು. ತಪಾಸಣೆಯ ದಿನ ಸಾಲು ರಸ್ತೆವರೆಗೂ ನಿಂತಿತ್ತಂತೆ. ಅಧ್ಯಕ್ಷರು ಆಮೇಲೆ ಬಂದು ಕಲ್ಲೇಶಣ್ಣನಿಗೆ ಶಾಲು ಹೊದಿಸಿದರು. ಆ ಶಾಲನ್ನು ಚಳಿಗಾಲವೆಲ್ಲ ತಲೆಗೆ ಸುತ್ತಿಕೊಂಡು ಓಡಾಡಿದರು ಪುಣ್ಯಾತ್ಮ.

ಹೊಸದುರ್ಗದ ಸುದ್ದಿಯಾದರೆ ಸಂತೆಯ ಹಿಂದಿನ ದಿನವೇ ಬರಬೇಕು. “ಸಂತೆಗೆ ಬಂದೋರು ಮಂಡಕ್ಕಿ ಮೆಣಸಿನ್ಕಾಯಿ ಕಟ್ಟಿಸ್ಕಂಡು ಹೋಗ್ತಾರಲ್ಲ ತಾಯಿ, ಆ ಪೇಪರ್‌ನಾಗೇ ನಮ್ಮ ಸುದ್ದಿ ಹಳ್ಳಿಗೆ ಹೋಗ್ತೈತೆ. ಎಣ್ಣೆ ಹತ್ತಿದ್ರೂ ಅಕ್ಷರ ಕಾಣ್ತೈತೆ!”

ಹೊಸದುರ್ಗ, ಹೊಳಲ್ಕೆರೆಯ ಕವರುಗಳನ್ನು ಬಸ್ಸಿನ ಕಂಡಕ್ಟರುಗಳ ಕೈಗೆ ಕೊಟ್ಟು ಕಳಿಸುತ್ತಿದ್ದರು. ಹಿರಿಯೂರಿಗೆ ಮಾತ್ರ ತಾವೇ ಬಸ್ ಹತ್ತುತ್ತಿದ್ದರು. ಅಲ್ಲೊಂದು ನಾಲ್ಕು ಪುಟದ ದಿನಪತ್ರಿಕೆ. ಸಂಪಾದಕ, ವರದಿಗಾರ, ಮುದ್ರಕ ಎಲ್ಲ ಒಬ್ಬರೇ. ಮೊಬೈಲಿಗೆ ಕಳಿಸಿದ್ದನ್ನು ಅವರು ತೆರೆದೂ ನೋಡುವುದಿಲ್ಲ, ಹಾಳೆ ಕೈಗೇ ಬರಬೇಕು. ಕಲ್ಲೇಶಣ್ಣ ಯಾವ ಊರಿನ ಸುದ್ದಿಯಾದರೂ ಅವರಿಗೊಂದು ಪ್ರತಿ ಮುಟ್ಟಿಸಿಯೇ ಮುಟ್ಟಿಸುತ್ತಿದ್ದರು. ನಾನು ಕೆಣಕಿದೆ: “ಏನು ಕಲ್ಲೇಶಣ್ಣ, ಹೊಸದುರ್ಗದ ಹಾಸ್ಟೆಲ್ ಸುದ್ದಿನ ಹಿರಿಯೂರಿನಾಗೆ ಯಾರು ಓದ್ಬೇಕು? ಊರಿಗೆಲ್ಲ ಬುದ್ಧಿ ಹೇಳ್ತೀರಿ, ನಿಮಗೊಂದು ನ್ಯಾಯನಾ?”

ಅವತ್ತು ಅವರು ನಗಲಿಲ್ಲ. ಚೀಲ ತೊಡೆಯ ಮೇಲಿಟ್ಟುಕೊಂಡು ಕೂತರು.

“ಗಿರಿಜಾ, ನಂಗೊಬ್ಳು ತಂಗಿ ಅವ್ಳೆ. ಗೌರಿ ಅಂತ. ಹಿರಿಯೂರು ಹತ್ರ ಆದಿವಾಲದಾಗೆ.”

ಹತ್ತು ವರ್ಷ ಪರಿಚಯ, ಈ ತಂಗಿಯ ಹೆಸರನ್ನು ನಾನು ಕೇಳಿರಲಿಲ್ಲ. ಗೌರಮ್ಮ ತಾವು ಮೆಚ್ಚಿದವನನ್ನು ಮದುವೆಯಾದರು, ಬೇರೆ ಜಾತಿ. ಅಪ್ಪ ಮನೆ ಬಾಗಿಲು ಹಾಕಿದರು. ಅದಾಗಿ ಕೆಲವು ವರ್ಷಕ್ಕೆ ಅಪ್ಪ ತೀರಿಕೊಂಡಾಗ, ಅವಳಿಗೆ ಹೇಳಬೇಡ ಎಂದರು ದೊಡ್ಡಪ್ಪ, ಚಿಕ್ಕಪ್ಪ ಎಲ್ಲ. ಕಲ್ಲೇಶಣ್ಣ ಹೇಳಲಿಲ್ಲ. ಹನ್ನೊಂದನೇ ದಿನ ಯಾರದೋ ಬಾಯಿಂದ ಕೇಳಿ ಓಡಿಬಂದ ಗೌರಮ್ಮ ಅಂಗಳದಲ್ಲೇ ನಿಂತು, “ಅಪ್ಪನ ಮುಖ ನೋಡಕ್ಕೂ ಬಿಡಲಿಲ್ಲ ನೀನು. ಇನ್ನು ನಿನ್ನ ಹೊಸ್ತಿಲು ತುಳಿದ್ರೆ ಕೇಳು” ಎಂದು ಹೋದವರು ಮತ್ತೆ ಬರಲಿಲ್ಲ. ಇವರು ಎಷ್ಟೋ ಸಲ ಆದಿವಾಲಕ್ಕೆ ಹೋಗಿ ಬಾಗಿಲಲ್ಲಿ ನಿಂತರು. ಆಕೆ ಒಳಗಿಂದ ಬರಲಿಲ್ಲ.

“ಆ ಊರಿನ ಹಾಲಿನ ಡೈರಿಗೆ ಅದೊಂದೇ ಪೇಪರ್ ಬರಾದು. ಹಾಲು ಹಾಕಕ್ಕೆ ಬಂದಾಗ ನಿಂತ್ಕಂಡು ಪೂರ್ತಿ ಓದ್ತಾಳಂತೆ. ಊರಿಗೆಲ್ಲ ಸುದ್ದಿ ಹಂಚ್ತೀನಿ ನಾನು. ಹಂಚಬೇಕಾದ ಒಂದು ಸುದ್ದಿನ ನುಂಗಿಬಿಟ್ಟೆ.” ಚೀಲದ ಹಿರಿಯೂರಿನ ಜೇಬು ಸವರುತ್ತಾ ಹೇಳಿದರು: “ನಾನು ಹೋದಾಗ ಮೊದ್ಲು ಆ ಪೇಪರ್‌ಗೆ ಕೊಡು ತಾಯಿ. ನನ್ನ ಸುದ್ದಿನಾದ್ರೂ ಅವಳಿಗೆ ಹೊತ್ತಿಗೆ ಸರಿಯಾಗಿ ಮುಟ್ಲಿ.”

“ಬಿಡ್ತು ಅನ್ರಿ! ಬೆಳಬೆಳಗ್ಗೆ ಎಂಥಾ ಮಾತು” ಎಂದು ಗದರಿ ಟೀ ತರಿಸಿದೆ.

ಹೋದ ವರ್ಷ ಒಂದು ಮುಂಜಾನೆ ಅವರ ಪಕ್ಕದ ಮನೆಯವರು ಓಡಿಬಂದರು. ಹೋಗಿ ನೋಡಿದರೆ ಕಲ್ಲೇಶಣ್ಣ ಗೋಡೆಗೆ ಒರಗಿ ಕೂತಿದ್ದಾರೆ, ಕಾಲಿಗೆ ಒಂದು ಚಪ್ಪಲಿ ಹಾಕಿಕೊಂಡಿದ್ದಾರೆ, ಇನ್ನೊಂದು ಪಕ್ಕದಲ್ಲಿದೆ. ಉಸಿರಿಲ್ಲ. ಹಿಂದಿನ ದಿನವಷ್ಟೇ ಹಿರಿಯೂರಿಗೆ ಹೋಗಿಬಂದಿದ್ದರು.

ಅಳುತ್ತಲೇ ಅಂಗಡಿ ತೆರೆದೆ. ಇಷ್ಟು ವರ್ಷ ಊರವರ ಸುದ್ದಿ ಹೊತ್ತ ಮನುಷ್ಯ, ಇವರ ಸುದ್ದಿ ಎಲ್ಲೆಲ್ಲೂ ಬರಬೇಕು ಎಂದು ಹಟ ಹತ್ತಿತು ನನಗೆ. ಒಳ್ಳೆಯ ಫೋಟೋ ಹುಡುಕಿದೆ. ಬೆಂಗಳೂರು, ದಾವಣಗೆರೆ, ಯಾವ ದೊಡ್ಡ ಪತ್ರಿಕೆಯನ್ನೂ ಬಿಡದೆ ಮೊಬೈಲಿನಿಂದಲೇ ಎಲ್ಲರಿಗೂ ಕಳಿಸಿದೆ. “ಇವತ್ತೇ ಮಣ್ಣು ಬ್ಯಾಡ, ನಾಳೆ ಮಧ್ಯಾಹ್ನದವರೆಗೆ ಇಟ್ಕಳಾಣ, ಪೇಪರ್ ನೋಡಿ ಬರೋರು ಬರ್ಲಿ” ಎಂದವಳೂ ನಾನೇ.

ಮರುದಿನ ಎಲ್ಲ ದೊಡ್ಡ ಪತ್ರಿಕೆಯಲ್ಲೂ ಬಂತು, ಫೋಟೋ ಸಮೇತ. ಅವರು ಬದುಕಿದ್ದಾಗ ಯಾರ ಸುದ್ದಿಯೂ ಅಷ್ಟು ಕಡೆ ಬಂದಿರಲಿಲ್ಲ. ಸಂಘದವರು ಹಾರ ತಂದರು. ನನಗೆ ಆ ದುಃಖದಲ್ಲೂ ಒಂದು ಹೆಮ್ಮೆ, ನನ್ನ ಬುದ್ಧಿಗಿಷ್ಟು ಮಣ್ಣು ಹಾಕ.

ರುದ್ರಭೂಮಿಯಲ್ಲಿ ವಿಭೂತಿ, ಬಿಲ್ವಪತ್ರೆ ಎಲ್ಲ ಆಯಿತು. ಗುಣಿಗೆ ಇಳಿಸಿ ಮುಖದ ಮೇಲೆ ವಸ್ತ್ರ ಮುಚ್ಚಿದ ಮೇಲೆ ಅಯ್ಯನವರು ಸುತ್ತ ನೋಡಿ ಕೇಳಿದರು: “ಒಡಹುಟ್ಟಿದೋರು ಯಾರಾದ್ರೂ ಅದಾರೇನ್ರಿ? ಮೊದ್ಲು ಮಣ್ಣು ಅವರು ಹಾಕ್ಲಿ.”

ಆಗ ನೆನಪಾಯಿತು ನನಗೆ. ಆಗ! ಹಿರಿಯೂರಿನ ಪೇಪರಿಗೆ ಹಾಳೆ ಹೋಗಿಯೇ ಇರಲಿಲ್ಲ. “ನಿಲ್ಸ್ರಿ, ತಂಗಿ ಅವ್ಳೆ, ಆದಿವಾಲದಾಗೆ, ಕರ್ಕಂಡು ಬರ್ತೀನಿ” ಎಂದು ಕೂಗಿದೆ. ಹಿರಿಯರೊಬ್ಬರು ನನ್ನ ಭುಜ ಹಿಡಿದುಕೊಂಡರು. “ಗುಣಿಗೆ ಇಳಿಸಿದ್ದಾಯ್ತಲ್ಲವ್ವ. ಮ್ಯಾಕೆ ಎತ್ತಂಗಿಲ್ಲ.” ಮೊದಲ ಹಿಡಿ ಮಣ್ಣು ನಾನೇ ಹಾಕಿದೆ.

ಮಾರನೇ ದಿನ ಮೊದಲ ಬಸ್ಸಿಗೇ ಹಿರಿಯೂರಿಗೆ ಹೋಗಿ, ಅಲ್ಲಿಂದ ಆಟೋ ಹಿಡಿದು ಆದಿವಾಲಕ್ಕೆ ಹೋದೆ. ಗೌರಮ್ಮ ಹಾಲಿನ ಕ್ಯಾನು ತೊಳೆಯುತ್ತಿದ್ದರು. ಅದೇ ಮೂಗು, ಅದೇ ಹಣೆ. ಹೇಗೆ ಹೇಳಿದೆನೋ ಗೊತ್ತಿಲ್ಲ. ಆಕೆ ಕ್ಯಾನು ಕೆಳಗಿಟ್ಟರು.

“ಸುಳ್ಳು” ಎಂದರು. “ನಿನ್ನೆ ಪೇಪರ್‌ನಾಗೆ ದುರ್ಗದ ರಕ್ತದಾನದ ಸುದ್ದಿ ಬಂದೈತೆ. ದುರ್ಗದ ಸುದ್ದಿ ತಂದು ಕೊಡೋನು ನಮ್ಮಣ್ಣನೇ ಅಂತ ಪೇಪರ್ ಹಾಕೋರು ಹೇಳ್ಯಾರೆ. ಅದು ಬಂದ್ರೆ ಅಣ್ಣ ಹಿರಿಯೂರಿಗೆ ಬಂದು ಹೋಗ್ಯಾನೆ, ಆರಾಮಾಗಿದ್ದಾನೆ ಅಂತ. ಇಷ್ಟು ವರ್ಷ ಅದನ್ನೇ ನೋಡ್ಕಂಡು ಅಲ್ವಾ ನಾನಿರೋದು? ನಿನ್ನೆ ಓದಿ ಸಮಾಧಾನವಾಗಿ ಉಂಡು ಮಲಗಿದೀನಿ ನಾನು.”

ಆಕೆ ಉಂಡ ಹೊತ್ತಿಗೆ ನಾವು ಮಣ್ಣು ಮಾಡಿ ಕೈ ತೊಳೆದಿದ್ದೆವು. ಕಲ್ಲೇಶಣ್ಣ ಹೇಳಿದ್ದ ಮಾತನ್ನೂ ನನ್ನ ತಪ್ಪನ್ನೂ ಹೇಳಿ ಅವರ ಕಾಲ ಬಳಿ ಕೂತು ಅತ್ತೆ. ಬೈಯುತ್ತಾರೆ, ಬೈಯಲಿ ಎಂದುಕೊಂಡಿದ್ದೆ. ಗೌರಮ್ಮ ಬೈಯಲಿಲ್ಲ. ತೊಳೆದ ಕ್ಯಾನು ಬೋರಲು ಹಾಕಿ ಹೇಳಿದರು: “ಅಪ್ಪನ ಮುಖನೂ ಸಿಗಲಿಲ್ಲ, ಇವನದೂ ಸಿಗಲಿಲ್ಲ. ಬಾಗಿಲಿಗೆ ಬಂದಾಗ ನಾನೇ ನೋಡಲಿಲ್ಲ ಬಿಡು. ನನ್ನ ಪೇಪರ್‌ನಾಗೆ ಹಾಕ್ಸವ್ವ. ಅದರಾಗಾದ್ರೂ ನೋಡ್ತೀನಿ.”

ನನ್ನ ಕೈಚೀಲದಲ್ಲಿ ಕಲ್ಲೇಶಣ್ಣನ ಫೋಟೋ ಇತ್ತು. ತೆಗೆದು ಕೊಡಹೋದೆ. ತಲೆಯಾಡಿಸಿದರು. “ಬ್ಯಾಡ. ಅಣ್ಣ ಹೇಳಿದಂಗೇ ಬರ್ಲಿ.”

ಹಿರಿಯೂರಿಗೆ ಬಂದು ಸಂಪಾದಕರ ಕೈಗೇ ಹಾಳೆ ಕೊಟ್ಟೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ನಿನ್ನೆ ದೊಡ್ಡ ಪೇಪರ್‌ನಾಗೆ ನೋಡಿ ಗೊತ್ತಾಯ್ತು ತಾಯಿ. ಎಲ್ಲಾರೂ ಹಾಕಿ ಆಗೈತಲ್ಲ.” ಆಮೇಲೆ ಹಾಳೆಯ ಮೇಲೆ ಬೆರಳಿಟ್ಟು, ಕಲ್ಲೇಶಣ್ಣನ ಹಾಗೆಯೇ ಕೇಳಿದರು: “ಇನ್ನು ಇದನ್ನ ಯಾರು ಓದ್ಬೇಕು?”

“ಒಬ್ರು ಅವ್ರೆ” ಎಂದೆ. “ಹಾಕ್ರಿ.”