ಹಿತ್ತಿಲು ಬಿಟ್ಟುಕೊಡದ ಕೆಸರು ಟೀಚರ್

ಕೆಸರು ಟೀಚರ್ ಎಂಬ ಅಡ್ಡಹೆಸರನ್ನು ಅವಳಿಗೆ ಇಟ್ಟವರು ಮಕ್ಕಳಲ್ಲ, ಮಕ್ಕಳ ತಾಯಂದಿರು. ಮಧ್ಯಾಹ್ನ ಮಕ್ಕಳನ್ನು ಕರೆದೊಯ್ಯಲು ಶಾಲೆಯ ಗೇಟಿಗೆ ಬಂದವರು, ಮೊಣಕಾಲವರೆಗೆ ಮಣ್ಣು ಮೆತ್ತಿದ ಚಡ್ಡಿ ಲಂಗಗಳನ್ನು ನೋಡಿ ಹುಬ್ಬು ಗಂಟಿಕ್ಕುತ್ತಿದ್ದರು. ಅವಳ ಗಂಡ ಅದೇ ರಸ್ತೆಯ ತುದಿಯಲ್ಲಿ ಲಾಂಡ್ರಿ ಅಂಗಡಿ ಇಟ್ಟಿದ್ದ. "ಗಂಡನಿಗೆ ಗಿರಾಕಿ ಹಿಡಿದುಕೊಡೋಕೆ ಈಯಮ್ಮ ಮಕ್ಕಳನ್ನ ಕೆಸರಲ್ಲಿ ಅದ್ದಿ ಕಳಿಸ್ತಾಳೆ" ಎಂದು ಯಾರೋ ಆಡಿಕೊಂಡದ್ದು ಅವಳ ಕಿವಿಗೂ ಬಿತ್ತು.

"ಹೌದು ಕಣ್ರೀ, ರೇಟು ಕಮ್ಮಿ ಮಾಡಿಸ್ಕೊಡ್ತೀನಿ ಬನ್ನಿ" ಎಂದಳು. ನಾಳೆಯಿಂದ ಒಳಗೇ ಕೂರಿಸುತ್ತೇನೆ ಎಂದು ಮಾತ್ರ ಅನ್ನಲಿಲ್ಲ.

ಅವಳು ಬೆಳೆದದ್ದು ಮೂರನೇ ಮಹಡಿಯ ಒಂದು ಇಕ್ಕಟ್ಟು ಕೋಣೆಯಲ್ಲಿ. ತಾಯಿ ಹೊಲಿಗೆ ಮಷಿನ್ ಬಿಟ್ಟು ಏಳುವಂತಿರಲಿಲ್ಲ. ಕೆಳಗೆ ಬಿಟ್ಟರೆ ಮಗು ರಸ್ತೆಗೆ ಓಡೀತೆಂಬ ಭಯ. ಕಿಟಕಿಯ ಸರಳು ಹಿಡಿದೇ ಅವಳು ಲೋಕ ನೋಡಿದ್ದು. ಶಾಲೆಗೆ ಸೇರಿದ ಮೇಲೆ, ಎಲ್ಲರೂ ಧುಮುಕುತ್ತಿದ್ದ ಕಟ್ಟೆಯಿಂದ ಜಿಗಿಯಲು ಬಾರದೆ ಗೋಡೆಗೆ ಅಂಟಿ ನಿಂತಳು. ಉಳಿದವರು ಬಿದ್ದು ಬಿದ್ದು ನಕ್ಕರು. ಆಗಲೂ ತಾಯಿಯ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ನೆಲದಿಂದ ಅಷ್ಟು ದೂರ ತನ್ನನ್ನು ಇಟ್ಟ ಆ ಮೆಟ್ಟಿಲುಗಳ ಮೇಲೆ ಬಂತು. ಆ ಸಿಟ್ಟು ಐವತ್ತು ದಾಟಿದರೂ ಆರಿರಲಿಲ್ಲ.

ಶಾಲೆಯ ಹಿತ್ತಿಲು ಏನೂ ದೊಡ್ಡದಲ್ಲ. ಗಾಳಿಗೆ ಉರುಳಿದ ಮರದ ದಿಮ್ಮಿ, ಮೂಲೆಯಲ್ಲೊಂದು ನಲ್ಲಿ, ಮಿಕ್ಕದ್ದೆಲ್ಲ ಮಣ್ಣು, ಹುಲ್ಲು. ಬಾಗಿಲು ತೆಗೆದಳೆಂದರೆ ಮೂರು ನಾಲ್ಕು ವರ್ಷದ ಮಕ್ಕಳ ಹಿಂಡು ಹೋ ಎಂದು ನುಗ್ಗುತ್ತಿತ್ತು. ಕೆಲವರು ನೀರಿಗೆ ಕಾಲುವೆ ತೋಡುವರು, ಕೆಲವರು ಕಲ್ಲುಗಳನ್ನು ಅಪ್ಪ, ಅಮ್ಮ, ಪಾಪು ಎಂದು ಸಾಲಾಗಿ ಕೂರಿಸುವರು. ಅವರಲ್ಲಿ ಚಿನಕುರುಳಿ ಎಂದು ಎಲ್ಲರೂ ಕರೆಯುತ್ತಿದ್ದ ಹುಡುಗಿಯ ಬಾಯಿ ನಿಲ್ಲುತ್ತಲೇ ಇರಲಿಲ್ಲ.

"ಮಿಸ್, ಎರೆಹುಳಕ್ಕೆ ಮುಖ ಯಾವ ಕಡೆ?"

"ನಂಗೂ ಗೊತ್ತಿಲ್ಲ ಕಣೇ. ಕೂತ್ಕೋ, ಎತ್ಲಾಗೆ ಹೊರಡುತ್ತೋ ನೋಡೋಣ."

ಇಬ್ಬರೂ ಮೂಗು ನೆಲಕ್ಕೆ ತಾಗುವಷ್ಟು ಬಗ್ಗಿ ಕೂತರು. ಹುಳ ಮೊದಲು ಇತ್ತ, ಆಮೇಲೆ ಅತ್ತ ಹೊರಟಿತು. ಹುಡುಗಿ ಸೊಂಟಕ್ಕೆ ಕೈಯಿಟ್ಟು, "ಅದಕ್ಕೇ ಗೊತ್ತಿಲ್ಲ!" ಎಂದಳು.

ಒಂದು ದಿನ ಆ ಚಿನಕುರುಳಿಯೇ ದಿಮ್ಮಿಯ ಮೇಲಿಂದ ಜಾರಿ ಬಿದ್ದಳು. ಗಲ್ಲ ಸೀಳಿ ರಕ್ತ ಸುರಿಯಿತು. ಟೀಚರ್ ಮಗುವನ್ನು ಎತ್ತಿಕೊಂಡು ಡಾಕ್ಟರ ಬಳಿ ಓಡಿದಳು. ಹೊಲಿಗೆ ಹಾಕುವಷ್ಟು ಹೊತ್ತೂ ಆ ಪುಟ್ಟ ಕೈ ಬಿಡಲಿಲ್ಲ.

ಕೆಲಸ ಬಿಟ್ಟು ಓಡಿಬಂದ ತಾಯಿಯ ಮುಖ ಬಿಳಿಚಿಕೊಂಡಿತ್ತು. "ನಾವು ಮಗೂನ ಕಲಿಯೋಕೆ ಕಳಿಸೋದು, ಬೀಳೋಕಲ್ಲ!"

"ಬಿದ್ದಿದ್ದು ನಿಜ ಕಣಮ್ಮ, ನನ್ನ ಕಣ್ಣೆದುರಿಗೇ ಬಿದ್ದಳು. ತಪ್ಪಾಯ್ತು ಅಂತೀನಿ. ಇನ್ನುಮೇಲೆ ಯಾರನ್ನೂ ಹತ್ತೋಕೆ ಬಿಡಲ್ಲ ಅಂತ ಮಾತ್ರ ಹೇಳಲಾರೆ."

ತಾಯಿ ಮಗುವನ್ನು ಬಾಚಿಕೊಂಡು ಹೊರಟಳು. ಚಿನಕುರುಳಿ ಮತ್ತೆ ಆ ಶಾಲೆಗೆ ಬರಲಿಲ್ಲ. ಅಂದು ಟೀಚರಿಗೆ ಊಟ ಸೇರಲಿಲ್ಲ. ಗಂಡ ತಟ್ಟೆ ಮುಂದಕ್ಕೆ ತಳ್ಳಿ, "ಈ ಕೆಲಸ ಬೇಡ ಅನ್ಸಿದ್ರೆ ಬಿಟ್ಟುಬಿಡೇ" ಎಂದ.

"ಬೇಡ ಅನ್ಸಿದ್ರೆ ತಾನೆ?" ಎಂದು ಎದ್ದಳು.

ಶಾಲೆಯ ಮಾಲೀಕರು ಕೆಟ್ಟವರೇನಲ್ಲ, ಪುಕ್ಕಲು. ಚಿನಕುರುಳಿ ಬಿದ್ದ ಮೇಲೆ ಹೆದರಿ, ಹಿತ್ತಿಲಿಗೆಲ್ಲ ಟೈಲ್ಸ್ ಹಾಕಿಸುವುದೆಂದು ತೀರ್ಮಾನಿಸಿ, ಟೀಚರಿಗೆ ಒಂದು ಮಾತೂ ಹೇಳದೆ ಮರಳು, ಸಿಮೆಂಟು ತರಿಸಿದರು. ಬೆಳಗ್ಗೆ ಲಾರಿ ಮರಳು ಸುರಿದು ಹೋಯಿತು. ಬಾಗಿಲು ತೆಗೆದದ್ದೇ ತಡ, ಮಕ್ಕಳಿಗೆ ಸ್ವರ್ಗ ಸಿಕ್ಕಂತಾಯಿತು. ರಾಶಿಯ ತುದಿಗೇರಿ ಜಾರತೊಡಗಿದರು. ಮೇಸ್ತ್ರಿ ಕರಣೆ ಹಿಡಿದು ಪೆಚ್ಚಾಗಿ ನಿಂತ.

"ಮಕ್ಕಳನ್ನ ಒಳಗೆ ಕರ್ಕೊಂಡು ಹೋಗಿ" ಎಂದರು ಮಾಲೀಕರು.

ಟೀಚರ್ ದಿಮ್ಮಿಯ ಮೇಲೆ ಕೂತಳು. "ಪಾಠ ನಡೀತಿದೆ ಸಾರ್."

"ಇದು ಪಾಠಾನಾ? ನಿಮ್ಮನ್ನ ಕೆಲಸದಿಂದ ತೆಗೀಬೇಕಾಗುತ್ತೆ ನೋಡಿ!"

"ತೆಗೀರಿ. ಗೇಟಿನಾಚೆ ನಿಂತು ನಾಳೆ ಮತ್ತೆ ಇದನ್ನೇ ಹೇಳ್ತೀನಿ. ಬೀಳೋಕೇ ಬಿಡದಿದ್ರೆ ಇವು ಕಾಲೂರೋದು ಯಾವಾಗ ಕಲೀತಾವೆ? ಆ ಟೈಲ್ಸ್ ಮೇಲೆ ಬಿದ್ರೆ ಹಲ್ಲೇ ಹೋಗುತ್ತೆ, ಆಗೇನು ಹತ್ತಿ ಹಾಸಿಸ್ತೀರಾ?"

ಮಧ್ಯಾಹ್ನದವರೆಗೂ ಅವಳು ಜಪ್ಪಯ್ಯ ಅಂದರೂ ಕದಲಲಿಲ್ಲ. ಮಕ್ಕಳ ಮನೆಯವರು ಬಂದಾಗ ಜಗಳ ಗೇಟಿಗೂ ಹಬ್ಬಿತು. ಒಬ್ಬಾಕೆ "ಹಟಮಾರಿ ಹೆಂಗಸು" ಎಂದು ಬೈದಳು. ಒಬ್ಬ ತಾತ ಮಾತ್ರ ಚಪ್ಪಲಿ ಕಳಚಿ, ಮರಳ ರಾಶಿಯ ಬುಡದಲ್ಲಿ ಮೊಮ್ಮಗನ ಪಕ್ಕ ಕೂತುಬಿಟ್ಟ. ಅವನನ್ನು ನೋಡಿ ಮತ್ತಿಬ್ಬರು ಗೇಟು ದಾಟಿ ಒಳಗೆ ಬಂದರು.

ಕೊನೆಗೆ ಮಾಲೀಕರು ಅರ್ಧಕ್ಕೆ ರಾಜಿಯಾದರು. ರಜೆಯ ದಿನ ಮೇಸ್ತ್ರಿ ಬಂದು ಬಾಗಿಲ ಕಡೆಯ ಅರ್ಧಕ್ಕೆ ಟೈಲ್ಸ್ ಹಾಕಿಹೋದ. ನಲ್ಲಿ, ದಿಮ್ಮಿ ಇದ್ದ ಅರ್ಧ ಮಣ್ಣಾಗಿಯೇ ಉಳಿಯಿತು. ಅದು ಗೆಲುವಲ್ಲ ಎಂದು ಅವಳಿಗೆ ಗೊತ್ತಿತ್ತು. ಟೈಲ್ಸಿನ ಮೇಲೆ ಕಾಲಿಡುವಾಗಲೆಲ್ಲ ಅವಳ ಮುಖ ಹುಳ್ಳಗಾಗುತ್ತಿತ್ತು. ಇನ್ನೊಂದು ದೂರು ಬಂದರೆ ಮನೆಗೆ ಹೋಗಬೇಕು ಎಂದು ಮಾಲೀಕರು ಹೇಳಿದ್ದನ್ನು ಅವಳು ತಲೆಯಾಡಿಸಿ ಕೇಳಿಸಿಕೊಂಡಳು, ಅಷ್ಟೇ. ಮಾರನೆಯ ದಿನ ಜಡಿಮಳೆ. ಮಕ್ಕಳನ್ನೆಲ್ಲ ಆ ಮಣ್ಣಿಗೇ ಇಳಿಸಿದಳು.

ಈಗಲೂ ಹೊಸ ಮಗುವನ್ನು ಸೇರಿಸಲು ಬಂದವರನ್ನು ಅವಳು ನೇರ ಹಿತ್ತಿಲಿಗೇ ಕರೆದೊಯ್ಯುತ್ತಾಳೆ. "ನಿಮ್ಮ ಮಗು ಮಣ್ಣಾಗಿ ಬರುತ್ತೆ. ಒಂದೊಂದು ದಿನ ತರಚಿಕೊಂಡೂ ಬರುತ್ತೆ. ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ." ಕೆಲವರು ಮಗುವಿನ ಕೈ ಹಿಡಿದು ಹಾಗೇ ಹಿಂತಿರುಗುತ್ತಾರೆ. ಅವಳು ತಡೆಯುವುದಿಲ್ಲ. ನಿಂತವರ ಮಗುವಿಗೆ ಬೂಟು ಬಿಚ್ಚಲು ಹೇಳಿ, ತಾನೇ ಮೊದಲು ಮಣ್ಣಿಗಿಳಿಯುತ್ತಾಳೆ.