ಬಾಡಣ್ಣನ ಕಣ್ಣಿಗೆ ಬಿದ್ದ ಕಿಲ್ಟ್

ನೋಣಯ ಸೈನ್ಯದಲ್ಲಿದ್ದವನು ಎಂಬುದು ಕೊಲ್ಲಿ ದೇಶದ ದಹ್ರಾನಿನಲ್ಲಿದ್ದ ನಮ್ಮ ಕಂಪನಿಯ ಕಾಂಪೌಂಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಏನು ಮಾಡುತ್ತಿದ್ದ ಎಂಬುದು ಮಾತ್ರ ಕೋಯನಿಗೆ, ಅಂದರೆ ನನಗೊಬ್ಬನಿಗೆ, ಗೊತ್ತಿತ್ತು. ಅದೂ ಅವನು ಬಾಯಿಬಿಟ್ಟು ಹೇಳಿದ್ದಲ್ಲ. ೧೯೮೪ರ ಚಳಿಗಾಲದಲ್ಲಿ ಒಂದು ದಿನ ಅಂಗಿಯ ಗುಂಡಿ ಹಾಕಲು ಸೂಜಿ ಬೇಕೆಂದು ಅವನ ಟ್ರಂಕಿಗೆ ಕೈ ಹಾಕಿದ್ದೆ. ಮೂರು ವರ್ಷ ಒಂದೇ ಕೋಣೆಯಲ್ಲಿ ಮಲಗಿದವರ ನಡುವೆ ಅದು ಕಳ್ಳತನವೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಸೂಜಿ ಸಿಗಲಿಲ್ಲ, ಒಂದು ಫೋಟೊ ಸಿಕ್ಕಿತು. ಅದರಲ್ಲಿ ನೋಣಯ ಕಂಕುಳಲ್ಲಿ ಚೀಲ ಇಟ್ಟುಕೊಂಡು, ಕೆನ್ನೆ ಉಬ್ಬಿಸಿ ಪೀಪಿ ಊದುತ್ತಿದ್ದ. ಸೊಂಟದಿಂದ ಮಂಡಿಯವರೆಗೆ ಚೌಕುಳಿಯ, ನೆರಿಗೆಯ ಲಂಗ!

"ಎಂತ ಮಾರಾಯ ಇದು? ನೀನು ಮಿಲಿಟ್ರಿಯಲ್ಲಿ ಇದ್ದದ್ದಾ, ನಾಟಕ ಕಂಪನಿಯಲ್ಲಾ?"

ಅವನು ಫೋಟೊ ಕಿತ್ತುಕೊಂಡ. "ಲಂಗ ಅಲ್ಲ ಕೋಯ, ಕಿಲ್ಟ್. ನಮ್ಮ ಪಲ್ಟಣದ ಪೈಪ್ ಬ್ಯಾಂಡಿನ ಡ್ರೆಸ್. ಸ್ಕಾಟ್ಲೆಂಡಿನ ಸಾಹೇಬರು ಬಿಟ್ಟು ಹೋದದ್ದು. ಬಾಡಣ್ಣನಿಗೆ ಹೇಳಿದ್ರೆ ನಿನ್ನನ್ನು ಸುಮ್ಮನೆ ಬಿಡುದಿಲ್ಲ, ನೋಡು."

ಬಾಡಣ್ಣ ಅಂದರೆ ನಮ್ಮ ಕಾಂಪೌಂಡಿನ ಮೆಸ್ಸಿನ ಮುಖ್ಯ ಅಡಿಗೆಯವರು. ಮೂಲ್ಕಿ ಕಡೆಯವರು. ದೊಡ್ಡ ಮೀಸೆ, ಸಣ್ಣ ಕೋಪ. ಆದರೆ ಆ ಸಣ್ಣ ಕೋಪ ದಿನಕ್ಕೆ ಹತ್ತು ಸಲ ಬರುತ್ತಿತ್ತು. ಹಿಂದಿನ ರಜೆಯಲ್ಲಿ ಅವರು ಮನೆಗೆ ಕಳಿಸಿದ್ದ ಟಾರ್ಚು ಮತ್ತು ಸೀರೆಯನ್ನು ತಲುಪಿಸಲು ನೋಣಯ ಹೋಗಿದ್ದ. ಅವರ ತಂಗಿ ಮೋಹಿನಿ ಅವನಿಗೊಂದು ಲೋಟ ಮಜ್ಜಿಗೆ ಕೊಟ್ಟಳು. ಆ ಮಜ್ಜಿಗೆಯ ವರ್ಣನೆಯನ್ನು ನಾನು ಒಂದು ವರ್ಷ ಕೇಳಿದ್ದೇನೆ. ಆಮೇಲೆ ಕಾಗದಗಳು ಹೋದವು, ಬಂದವು. ಅವಳಿಗೂ ಮನಸ್ಸಿತ್ತು. ಆದರೆ ತಂದೆಯಿಲ್ಲದ ಮನೆ, ಮಾತು ಅಣ್ಣನದೇ. ಬಾಡಣ್ಣ ಆಗಲೇ ಒಬ್ಬ ಬ್ಯಾಂಕಿನವನನ್ನೂ ಒಬ್ಬ ಮೇಷ್ಟ್ರನ್ನೂ 'ಬೆನ್ನು ನೆಟ್ಟಗಿಲ್ಲ' ಎಂದು ವಾಪಸು ಕಳಿಸಿದ್ದರು. ನೋಣಯನ ವಿಷಯದಲ್ಲಿ ಮಾತ್ರ, "ಬಂದೂಕು ಹಿಡಿದ ಕೈ. ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ನೋಡುವ" ಎಂದಿದ್ದರು. ಬಂದೂಕಿನ ಮಾತು ಬಂದಾಗಲೆಲ್ಲ ನೋಣಯ ತಲೆ ತಗ್ಗಿಸಿ ನಗುತ್ತಿದ್ದ. ಅದನ್ನು ಬಾಡಣ್ಣ ವಿನಯ ಎಂದುಕೊಂಡಿದ್ದರು.

ಈ ನೋಣಯನಿಗೆ ಮರ್ಯಾದೆಯ ಹುಚ್ಚು ಬೇರೆ. ನಮ್ಮ ಕಡೆ ಲುಂಗಿಯನ್ನು ಮಂಡಿಯ ಮೇಲೆ ಮಡಚಿ ಕಟ್ಟುವುದು ಗಂಡಸರೆಲ್ಲರ ಹಕ್ಕು. ಹಿರಿಯರು ಎದುರಾದರೆ ತಟ್ಟನೆ ಇಳಿಸಬೇಕು, ಅಷ್ಟೆ. ನೋಣಯ ಬಾಡಣ್ಣ ಎದುರಾಗುವವರೆಗೂ ಕಾಯುತ್ತಿರಲಿಲ್ಲ, ಅವರ ಕೆಮ್ಮು ಕೇಳಿದರೇ ಇಳಿಸುತ್ತಿದ್ದ. ಒಮ್ಮೆ ಪ್ಯಾಂಟು ಹಾಕಿದ್ದಾಗಲೂ ಅವನ ಕೈ ಸೊಂಟಕ್ಕೆ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನು ನನ್ನ ಪಾಪದ ಕಥೆ. ನಾನು ಟೈಪಿಸ್ಟನಾಗಿದ್ದ ಆಫೀಸಿನ ಮ್ಯಾನೇಜರು ಮ್ಯಾಕ್ರೇ ಎಂಬ ಸ್ಕಾಟ್ಲೆಂಡಿನ ದೊರೆ. ಅವರ ಮಗಳ ಮದುವೆ ಬಹರೈನಿನ ಚರ್ಚಿನಲ್ಲಿ ಆಗಿ, ಶುಕ್ರವಾರ ನಮ್ಮ ಕಾಂಪೌಂಡಿನಲ್ಲಿ ಔತಣ ಎಂದಾಯಿತು. ಪೈಪ್ ಊದುವವನು ಬಹರೈನಿನಿಂದ ಬರಬೇಕಿತ್ತು, ಅವನಿಗೆ ವೀಸಾ ಸಿಗಲಿಲ್ಲ. "ನಮ್ಮಲ್ಲಿ ಪೈಪ್ ಇಲ್ಲದ ಮದುವೆ ಮದುವೆಯೇ ಅಲ್ಲ" ಎಂದು ದೊರೆ ತಲೆ ಮೇಲೆ ಕೈ ಹೊತ್ತು ಕೂತರು. ನನ್ನ ನಾಲಿಗೆ ಯಾವತ್ತೂ ನನ್ನನ್ನು ಕೇಳಿ ಆಡುವುದಿಲ್ಲ. "ಸಾರ್, ನಮ್ಮ ಎ.ಸಿ. ವರ್ಕ್‌ಶಾಪಿನ ನೋಣಯ..." ಎಂದುಬಿಟ್ಟೆ.

ನೋಣಯ ನನ್ನ ಕುತ್ತಿಗೆ ಹಿಸುಕಲು ಬಂದ. ಒಲ್ಲೆ ಎನ್ನುವ ಹಾಗೂ ಇರಲಿಲ್ಲ, ಅವನ ಏಪ್ರಿಲ್ ರಜೆಗೆ ಸಹಿ ಹಾಕಬೇಕಾದವರು ಇದೇ ಮ್ಯಾಕ್ರೇ.

"ಬಾಡಣ್ಣ ನನ್ನನ್ನು ಲಂಗದಲ್ಲಿ ಕಂಡ್ರೆ ಮೋಹಿನಿ ನನಗಿಲ್ಲ ಕೋಯ. ಇಲ್ಲ ಅಂದ್ರೆ ಇಲ್ಲವೇ."

"ಅವರು ಅಡಿಗೆಮನೆ ಬಿಟ್ಟು ಹೊರಗೆ ಎಂತಕ್ಕೆ ಬರ್ತಾರೆ? ಇನ್ನೂರು ಜನರ ಊಟ. ನಾನಿದ್ದೇನೆ, ಹೆದರಬೇಡ" ಎಂದು ಧೈರ್ಯ ಹೇಳಿದೆ. ನನ್ನನ್ನು ನಂಬಿ ಕೆಟ್ಟವರಲ್ಲಿ ಅವನು ಮೊದಲಿಗನಲ್ಲ.

ಶುಕ್ರವಾರ ನಮಾಜು ಮುಗಿಸಿ ಬರುವಷ್ಟರಲ್ಲಿ ನೋಣಯ ತಯಾರಾಗಿದ್ದ. ಕಿಲ್ಟ್ ದೊರೆಯ ತಮ್ಮನದು, ಪೈಪ್ ದೊರೆಯ ತಂದೆಯದು. ಕಿಲ್ಟಿನ ಒಳಗೆ ಏನು ತೊಡಬೇಕು ಎಂಬ ಬಗ್ಗೆ ದೊರೆಗೂ ಅವನಿಗೂ ಸಣ್ಣ ಭಿನ್ನಾಭಿಪ್ರಾಯ ಬಂದಿತ್ತು. ನೋಣಯ ತನ್ನ ಪಟ್ಟಾಪಟ್ಟಿ ಚಡ್ಡಿಯನ್ನು ಬಿಟ್ಟುಕೊಡಲಿಲ್ಲ. ಆದರೆ ಊದಲು ಶುರುಮಾಡಿದ ನೋಡಿ, ನಾನು ತಮಾಷೆ ಮರೆತೆ. ಏಳು ವರ್ಷ ಪಲ್ಟಣದ ಮುಂದೆ ನಡೆದ ಕಾಲುಗಳು ಹುಲ್ಲಿನ ಮೇಲೆ ತಪ್ಪದೆ ಬಿದ್ದವು. ಮದುಮಗಳು ಕಣ್ಣೊರೆಸಿಕೊಂಡಳು. ದೊರೆಯ ಹಾಗೆಯೇ ಕಿಲ್ಟ್ ತೊಟ್ಟು ಸಾಲಾಗಿ ನಿಂತಿದ್ದ ಐದು ಜನ ನೆಂಟರು ಎದೆ ಮುಂದೆ ಮಾಡಿದರು. ನಿಜ ಹೇಳುತ್ತೇನೆ, ನನಗೆ ಅವನ ಮೇಲೆ ಹೆಮ್ಮೆಯಾಯಿತು.

ಆಗ ಮ್ಯಾಕ್ರೇ ದೊರೆ ಖುಷಿಯಿಂದ ಕೂಗಿದರು: "ಈಗ ಊಟ! ಅಡಿಗೆಮನೆಯ ಬಾಗಿಲಿಗೆ ಹೋಗಿ ಕರೆದುಕೊಂಡು ಬಾ. ನಮ್ಮ ಪದ್ಧತಿ. ಮುಂದೆ ಪೈಪ್, ಹಿಂದೆ ಅಡಿಗೆಯವನು, ಅವನ ಕೈಯಲ್ಲಿ ಇಡೀ ಕುರಿ!"

ಇಂಥ ಪದ್ಧತಿ ಇದೆಯೆಂದು ನನಗೆ ಯಾರು ಹೇಳಿದ್ದರು? ನೋಣಯ ನನ್ನ ಕಡೆ ನೋಡಿದ. ನಾನು ಆಕಾಶ ನೋಡಿದೆ. ಇನ್ನೂರು ಜನ ಕಾಯುತ್ತಿದ್ದರು, ಅವನು ಊದುತ್ತಾ ನಡೆದ. ನಾನು ಹಿಂದೆ ಓಡಿದೆ.

ಬಾಗಿಲು ತೆರೆಯಿತು. ದೊಡ್ಡ ತಟ್ಟೆಯಲ್ಲಿ ಹುರಿದ ಕುರಿ, ಅದರ ಹಿಂದೆ ಬಾಡಣ್ಣನ ಮೀಸೆ.

ಸೈನ್ಯದಲ್ಲಿ ಕರ್ನಲ್ ಬಂದರೆ ಸಲಾಮು ಹೊಡೆದರೆ ಸಾಕು; ಕಿಲ್ಟಿನಲ್ಲಿದ್ದಾಗ ಊರಿನ ಹಿರಿಯರು ಎದುರಾದ ಪ್ರಸಂಗ ನೋಣಯನಿಗೆ ಒಮ್ಮೆಯೂ ಬಂದಿರಲಿಲ್ಲ. ಅವನ ಎರಡೂ ಕೈಗಳು ಪೈಪ್ ಬಿಟ್ಟು ಸೊಂಟಕ್ಕೆ ಹೋದವು. ಪೈಪ್ ಕತ್ತು ಹಿಸುಕಿದ ಕೋಳಿಯ ಹಾಗೆ ಕಿರುಚಿ ಸುಮ್ಮನಾಯಿತು. ಅವನು ಕಿಲ್ಟಿನ ಪಟ್ಟಿ ಸಡಿಲಿಸಿ, ಬಟ್ಟೆಯನ್ನು ಗೇಣುದ್ದ ಕೆಳಗೆಳೆದು, ಮಂಡಿ ಮುಚ್ಚಿಕೊಂಡು, ತಲೆ ತಗ್ಗಿಸಿ ನಿಂತ. ಮೇಲೆ ಪಟ್ಟಾಪಟ್ಟಿ ಚಡ್ಡಿ ನಾಲ್ಕು ಬೆರಳಷ್ಟು ಕಂಡಿತು. ಹಿಂದಿನಿಂದ ಯಾರೋ ಗೊಳ್ಳೆಂದು ನಕ್ಕರು.

ಬಾಡಣ್ಣನಿಗೆ ಕುರಿ ಇಳಿಸಲು ಜಾಗವಿರಲಿಲ್ಲ. ಹೊತ್ತುಕೊಂಡೇ ಕೇಳಿದರು: "ಎಂತದು ಈ ವೇಷ? ಬಂದೂಕು ಎಲ್ಲಿ?"

"ಬಂದೂಕು ನನಗೆ ಕೊಡ್ಲಿಲ್ಲ ಬಾಡಣ್ಣ. ಇದನ್ನೇ ಕೊಟ್ಟದ್ದು. ಮೊದಲೇ ಹೇಳ್ಬೇಕಿತ್ತು. ಮೋಹಿನಿಯನ್ನು ಕೊಡ್ಲಿಕ್ಕಿಲ್ಲ ಅಂತ ಹೆದರಿದೆ."

ಅಷ್ಟರಲ್ಲಿ ಮ್ಯಾಕ್ರೇ ನೆಂಟರೊಂದಿಗೆ ಧಾವಿಸಿ ಬಂದು, ಪೈಪ್ ಯಾಕೆ ನಿಂತಿತು ಎಂದು ನನ್ನನ್ನು ಕೇಳಿದರು. ಸುಳ್ಳು ಹೇಳಲು ಹೊತ್ತಿರಲಿಲ್ಲ, ಹಾಗಾಗಿ ನಿಜ ಹೇಳಿದೆ: "ಸಾರ್, ಇವರು ಹೆಣ್ಣು ಕೊಡುವ ಮನೆಯ ಹಿರಿಯರು. ನಮ್ಮಲ್ಲಿ ಹಿರಿಯರ ಎದುರು ಮಂಡಿ ತೋರಿಸುವ ಹಾಗಿಲ್ಲ."

ದೊರೆ ಬಾಡಣ್ಣನನ್ನು ಒಮ್ಮೆ ನೋಡಿದರು. ಆಗಷ್ಟೇ ಮಗಳನ್ನು ಕೊಟ್ಟ ತಂದೆ ಅವರು, ಅರ್ಥವಾಗಿರಬೇಕು. ಎರಡೂ ಕೈಯಿಂದ ತಮ್ಮ ಕಿಲ್ಟನ್ನು ಆದಷ್ಟು ಕೆಳಗೆ ಜಗ್ಗಿ, ನೇರ ನಿಂತರು. ಅವರನ್ನು ನೋಡಿ ಐದು ಜನ ನೆಂಟರೂ ಜಗ್ಗಿದರು. ಒಬ್ಬ ಮುದುಕನ ಕಿಲ್ಟ್ ಎಷ್ಟು ಜಗ್ಗಿದರೂ ಇಳಿಯಲೊಲ್ಲದು, ಪಾಪ, ಅವನು ಮಂಡಿ ಮೇಲೆ ಟೋಪಿ ಹಿಡಿದುಕೊಂಡ.

ಬಾಡಣ್ಣ ಆ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಆಮೇಲೆ ನೋಣಯನನ್ನು ನೋಡಿದರು. ಅಷ್ಟು ದೊರೆಗಳ ನಡುವೆ, ನಗುವವರ ಎದುರು, ಬಾಜಾ ಬಿಟ್ಟು ತನಗಾಗಿ ಬಟ್ಟೆ ಇಳಿಸಿದವನು. ಅವರ ಮೀಸೆ ಅಲುಗಿತು. ಯಾವತ್ತೂ 'ಹೋಗೋ ಬಾರೋ' ಎನ್ನುತ್ತಿದ್ದವರ ದನಿ ಬದಲಾಯಿತು.

"ಕುರಿ ತಣೀತದೆ. ಎತ್ತಿ ಕಟ್ಟಿ ಭಾವ, ಊದಿ."

ನೋಣಯ ಕಿಲ್ಟನ್ನು ಮೇಲೆಳೆದುಕೊಂಡ, ಪಟ್ಟಿಯನ್ನು ನಾನೇ ಬಿಗಿದೆ. ಅವನು ಉಸಿರೆಳೆದುಕೊಂಡು ಪೈಪ್ ಬಾಯಿಗಿಟ್ಟ. ಊದುತ್ತಾ ಅಳುವುದು ಬಹಳ ಕಷ್ಟ, ಆದರೂ ಅವನು ಹುಲ್ಲುಹಾಸಿನ ಕೊನೆಯವರೆಗೂ ಹಾಗೆಯೇ ನಡೆದ. ಹಿಂದೆ ಬಾಡಣ್ಣ, ಕುರಿ ಹೊತ್ತು, ಹೆಜ್ಜೆ ತಪ್ಪದೆ.